ಬ್ಯಾರನ್ ಹೀರೋನಾ, ವಿಲನ್ನಾ? ‘ಗರ್ಲ್ ಜೀನಿಯಸ್’ ಮತ್ತು ಅದರ ಓದುಗರ ಊಹೆಗಳು: ಒಂದು ಪರಿಚಯ

ವಾರಕ್ಕೆ ಮೂರೇ ಪುಟ. ಸೋಮವಾರ ಒಂದು, ಬುಧವಾರ ಒಂದು, ಶುಕ್ರವಾರ ಒಂದು. 2005ರ ಏಪ್ರಿಲ್‌ನಿಂದ ‘ಗರ್ಲ್ ಜೀನಿಯಸ್’ ಅನ್ನೋ ವೆಬ್‌ಕಾಮಿಕ್ ಹೀಗೇ ನಡೆದು ಬಂದಿದೆ. ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ನಡುವೆ ಇರೋ ಎರಡು ದಿನದಲ್ಲಿ ಓದುಗರು ಮಾಡೋ ಕೆಲಸ ಒಂದೇ: ಊಹೆ. ಇವಳ ಅಪ್ಪ ಎಲ್ಲಿ? ಅವನ ತಾಯಿ ಯಾರು? ಈ ಸಾಮ್ರಾಜ್ಯ ಉಳಿಯುತ್ತಾ?

ನಮ್ಮಲ್ಲಿ ವಾರಪತ್ರಿಕೆಗಳ ಧಾರಾವಾಹಿ ಓದಿದ ಅಮ್ಮ, ಚಿಕ್ಕಮ್ಮಂದಿರನ್ನು ಕೇಳಿ ನೋಡಿ. ‘ಮುಂದಿನ ವಾರಕ್ಕೆ’ ಅನ್ನೋ ಸಾಲು ಬಂದ ಕೂಡಲೇ ಶುರುವಾಗ್ತಿದ್ದ ಚರ್ಚೆ ಇದೇ ಜಾತಿಯದ್ದು. ವ್ಯತ್ಯಾಸ ಏನಂದ್ರೆ, ಇಲ್ಲಿ ಹಳೆಯ ಪುಟಗಳೆಲ್ಲ ಉಚಿತವಾಗಿ ಕಣ್ಣ ಮುಂದೆಯೇ ಇರುತ್ತವೆ. ಹತ್ತು ವರ್ಷದ ಹಿಂದಿನ ಚಿತ್ರದ ಮೂಲೆಯಲ್ಲಿ ನಿಂತಿದ್ದವನು ಯಾರು ಅಂತ ಯಾರು ಬೇಕಾದರೂ ಹಿಂದಕ್ಕೆ ಹೋಗಿ ನೋಡಬಹುದು.

ಕಾಮಿಕ್ ಗೊತ್ತಿಲ್ಲದವರಿಗೂ, ಅರ್ಧ ಓದಿ ಬಿಟ್ಟವರಿಗೂ ಈ ಲೇಖನ. ಆದರೆ ಒಂದು ಮುನ್ನೆಚ್ಚರಿಕೆ: ಕಥೆಯ ಕೆಲವು ದೊಡ್ಡ ಗುಟ್ಟುಗಳು ಇಲ್ಲಿ ಬಯಲಾಗುತ್ತವೆ.

ಏನಿದು, ಯಾರು ಮಾಡಿದ್ದು?

ಅಮೆರಿಕದ ದಂಪತಿ ಫಿಲ್ ಫೋಗ್ಲಿಯೊ ಮತ್ತು ಕಾಯಾ ಫೋಗ್ಲಿಯೊ ಇದರ ಕರ್ತೃಗಳು. ಫಿಲ್ ಅವರು 1977 ಮತ್ತು 1978ರಲ್ಲಿ ಅಭಿಮಾನಿ ಕಲಾವಿದರಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆದವರು. ಅಂದರೆ ಅವರೇ ಮೊದಲು ಅಭಿಮಾನಿ ಬಳಗದಿಂದ ಬಂದವರು. 2001ರಲ್ಲಿ ‘ಗರ್ಲ್ ಜೀನಿಯಸ್’ ಮುದ್ರಿತ ಕಾಮಿಕ್ ಆಗಿ ಶುರುವಾಯ್ತು. ಬಿಡಿ ಸಂಚಿಕೆಗಳನ್ನು ಅಚ್ಚು ಹಾಕಿ ಮಾರೋದನ್ನು 2005ರಲ್ಲಿ ನಿಲ್ಲಿಸಿ, ಪುಟಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಕೊಟ್ಟು, ಸಂಪುಟಗಳನ್ನು ಮಾತ್ರ ಪುಸ್ತಕವಾಗಿ ಮಾರುವ ದಾರಿ ಹಿಡಿದರು. ಆ ಕಾಲಕ್ಕೆ ಇದು ಹುಚ್ಚು ಸಾಹಸದ ಹಾಗೆ ಕಂಡಿರಬಹುದು. ಆದರೆ ಓದುಗರು ಹೆಚ್ಚಾದರು, ಪುಸ್ತಕಗಳೂ ಮಾರಾಟವಾದವು. ನಂತರದ ಸಂಪುಟಗಳ ಮುದ್ರಣಕ್ಕೆ ಓದುಗರೇ ಮುಂಗಡ ಹಣ ಹಾಕುವ ಕಿಕ್‌ಸ್ಟಾರ್ಟರ್ ಪದ್ಧತಿಯೂ ಬಂತು.

ಹ್ಯೂಗೊ ಪ್ರಶಸ್ತಿಯಲ್ಲಿ ಚಿತ್ರಕಥೆಗಳಿಗೆಂದು ‘ಬೆಸ್ಟ್ ಗ್ರಾಫಿಕ್ ಸ್ಟೋರಿ’ ವಿಭಾಗದಲ್ಲಿ 2009ರಲ್ಲಿ ಪ್ರಶಸ್ತಿ ಕೊಟ್ಟಾಗ ಗೆದ್ದದ್ದು ಇದೇ ಕಾಮಿಕ್. 2010 ಮತ್ತು 2011ರಲ್ಲೂ ಇದೇ ಗೆದ್ದಿತು. ಆಮೇಲೆ ಫೋಗ್ಲಿಯೊ ತಂಡವೇ ಮುಂದಿನ ವರ್ಷದ ಸ್ಪರ್ಧೆಯಿಂದ ಹಿಂದೆ ಸರಿಯಿತು. ಒಂದೇ ಕೃತಿ ಎಲ್ಲ ಬಾಚಿಕೊಂಡರೆ ವಿಭಾಗಕ್ಕೇ ಅರ್ಥ ಉಳಿಯಲ್ಲ ಅನ್ನೋದು ಯಾರಿಗಾದರೂ ತಿಳಿಯುವ ಮಾತು, ಆದರೆ ಗೆಲ್ಲುತ್ತಿರುವಾಗ ಪಕ್ಕಕ್ಕೆ ಸರಿದು ನಿಲ್ಲುವವರು ಕಡಿಮೆ.

ಸ್ಟೀಮ್‌ಪಂಕ್ ಅಂದ್ರೆ?

ಪೆಟ್ರೋಲು, ಟ್ರಾನ್ಸಿಸ್ಟರು ಬರೋ ಮುಂಚಿನ ಕಾಲದಲ್ಲೇ ತಂತ್ರಜ್ಞಾನ ದಿಕ್ಕು ತಪ್ಪಿ ಬೆಳೆದಿದ್ದರೆ ಹೇಗಿರುತ್ತಿತ್ತು ಅನ್ನೋ ಕಲ್ಪನೆ ಸ್ಟೀಮ್‌ಪಂಕ್. ಆವಿಯಂತ್ರ, ಹಿತ್ತಾಳೆ ಚಕ್ರ, ಗಡಿಯಾರದ ಕೀಲು, ಆಕಾಶದಲ್ಲಿ ತೇಲುವ ಹಡಗು. 1987ರಲ್ಲಿ ಕೆ. ಡಬ್ಲ್ಯು. ಜೀಟರ್ ಎಂಬ ಲೇಖಕ ‘ಲೋಕಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಅರ್ಧ ತಮಾಷೆಗೆ ಈ ಹೆಸರು ಟಂಕಿಸಿದರು. ‘ಗರ್ಲ್ ಜೀನಿಯಸ್’ಗೆ ಕಾಯಾ ಫೋಗ್ಲಿಯೊ ಬೇರೆ ಹೆಸರೇ ಇಟ್ಟಿದ್ದಾರೆ: ‘ಗ್ಯಾಸ್‌ಲ್ಯಾಂಪ್ ಫ್ಯಾಂಟಸಿ’. ಯಾಕಂದ್ರೆ ಇಲ್ಲಿ ಯಂತ್ರ ಮಾತ್ರ ಇಲ್ಲ, ರಾಕ್ಷಸರಂಥ ಸೈನಿಕರಿದ್ದಾರೆ, ಮಾತಾಡುವ ಬೆಕ್ಕಿದೆ, ಯೋಚನೆ ಮಾಡುವ ಕೋಟೆಯಿದೆ.

ಈ ಪ್ರಕಾರದ ಪೂರ್ವಜರಲ್ಲಿ ಒಬ್ಬ ನಮ್ಮ ಕಡೆಯ ನಂಟಿನವನು. ಜೂಲ್ಸ್ ವೆರ್ನ್ ಸೃಷ್ಟಿಸಿದ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೀಮೋ ಯಾರು ಅಂತ ಮೊದಲ ಕಾದಂಬರಿಯಲ್ಲಿ ಗೊತ್ತಾಗಲ್ಲ. ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಗುಟ್ಟು ಬಿಚ್ಚಿಕೊಳ್ಳುತ್ತದೆ: ಆತ ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸಂಬಂಧಿಕ, ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೋತವನು. ಅಂದರೆ ‘ಹುಚ್ಚು ವಿಜ್ಞಾನಿ’ಯ ಸಿಟ್ಟಿನ ಹಿಂದೆ ಸಾಮ್ರಾಜ್ಯವೊಂದರ ಅನ್ಯಾಯ ಇರಬಹುದು ಅನ್ನೋ ಮಾತು ಈ ಪ್ರಕಾರದ ಬೇರಿನಲ್ಲೇ ಇದೆ. ಮುಂದೆ ಬಂದ ಎಷ್ಟೋ ಸ್ಟೀಮ್‌ಪಂಕ್ ಕೃತಿಗಳು ಹ್ಯಾಟು, ಕನ್ನಡಕ, ಹಿತ್ತಾಳೆ ಉಳಿಸಿಕೊಂಡು ಈ ಸಿಟ್ಟನ್ನು ಬಿಟ್ಟುಬಿಟ್ಟವು. 2010ರಲ್ಲಿ ಬ್ರಿಟಿಷ್ ಲೇಖಕ ಚಾರ್ಲ್ಸ್ ಸ್ಟ್ರಾಸ್ ಎತ್ತಿದ ಆಕ್ಷೇಪವೂ ಇದೇ ದಿಕ್ಕಿನದು: 19ನೇ ಶತಮಾನದ ಬಡತನ, ದುಡಿಮೆ, ವಸಾಹತುಗಳನ್ನು ಅಳಿಸಿ ಬರೀ ಅಲಂಕಾರ ಉಳಿಸಿಕೊಂಡರೆ ಅದೆಂಥ ಇತಿಹಾಸ?

ಕಥೆಯ ಚೌಕಟ್ಟು

ಯುರೋಪಿನ ಬದಲು ಇಲ್ಲಿ ‘ಯುರೋಪಾ’. ಕೆಲವರು ಹುಟ್ಟಿನಿಂದಲೇ ‘ಸ್ಪಾರ್ಕ್’ ಇರುವವರು. ಸ್ಪಾರ್ಕ್ ಅಂದರೆ ಪ್ರತಿಭೆ ಮತ್ತು ಹುಚ್ಚು ಎರಡೂ ಒಟ್ಟಿಗೆ. ಅದು ಹತ್ತಿಕೊಂಡಾಗ ಅವರು ಅಸಾಧ್ಯ ಯಂತ್ರ ಕಟ್ಟುತ್ತಾರೆ, ಜೀವ ಸೃಷ್ಟಿಸುತ್ತಾರೆ, ಪಕ್ಕದ ಊರನ್ನು ಸುಡುತ್ತಾರೆ. ಅವರ ಮಾತಿಗೆ ಸುತ್ತಲಿನವರು ತಲೆಯಾಡಿಸಿಬಿಡುತ್ತಾರೆ. ಸ್ಪಾರ್ಕ್ ಇಲ್ಲದ ಕೋಟಿ ಜನ ಅವರ ಕೈಯಾಳು, ಇಲ್ಲವೇ ಪ್ರಯೋಗದ ಸಾಮಗ್ರಿ.

ಈ ಸ್ಪಾರ್ಕ್‌ಗಳ ಜಗಳ ನಿಲ್ಲಿಸಿದವನು ಬ್ಯಾರನ್ ಕ್ಲೌಸ್ ವುಲ್ಫೆನ್‌ಬಾಕ್. ಅವನೂ ಸ್ಪಾರ್ಕೇ. ಊರಿನಷ್ಟು ದೊಡ್ಡ ಹಾರುವ ಹಡಗಿನಲ್ಲಿ ಕೂತು ಆಳುತ್ತಾನೆ. ಸ್ಥಳೀಯ ದೊರೆಗಳು ತಮ್ಮ ಪಾಡಿಗೆ ಇರಬಹುದು, ಆದರೆ ಪರಸ್ಪರ ಯುದ್ಧ ಮಾಡಿದರೆ ಅವನ ಸೈನ್ಯ ಬರುತ್ತದೆ. ದೊರೆಗಳ ಮಕ್ಕಳು ಅವನ ಹಡಗಿನ ಶಾಲೆಯಲ್ಲಿ ಓದುತ್ತಾರೆ. ಒಳ್ಳೆ ಶಿಕ್ಷಣ ಸಿಗುತ್ತೆ, ನಿಜ. ಅವರು ಒತ್ತೆಯಾಳುಗಳು ಅನ್ನೋದೂ ಅಷ್ಟೇ ನಿಜ.

ಅಗಾಥಾ ಕ್ಲೇ ಬೀಟಲ್‌ಬರ್ಗ್ ಊರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಏನು ಕಟ್ಟಿದರೂ ಕೆಡುತ್ತೆ, ಯೋಚನೆ ಮಾಡಲು ಹೋದರೆ ತಲೆನೋವು. ಒಂದು ದಿನ ಬೀದಿಯಲ್ಲಿ ಇಬ್ಬರು ಸೈನಿಕರು ಅವಳ ಕೊರಳಿನ ಲಾಕೆಟ್ ಕಿತ್ತುಕೊಂಡು ಓಡುತ್ತಾರೆ. ಅವಳ ಸ್ಪಾರ್ಕನ್ನು ಅದುಮಿಟ್ಟಿದ್ದೇ ಆ ಲಾಕೆಟ್ಟು. ಅವಳು ಹೆಟೆರೊಡೈನ್ ವಂಶದ ಕೊನೆಯ ಕುಡಿ ಅಂತ ನಿಧಾನಕ್ಕೆ ಗೊತ್ತಾಗುತ್ತದೆ. ಜನರ ಕಣ್ಣಲ್ಲಿ ದೇವರಂಥ ವೀರರಾದ ಬಿಲ್ ಮತ್ತು ಬ್ಯಾರಿ ಹೆಟೆರೊಡೈನ್ ಸೋದರರಲ್ಲಿ ಬಿಲ್ ಇವಳ ತಂದೆ. ಸಾಕಿದ ಅಪ್ಪ ಅಮ್ಮ ಆ ಸೋದರರು ಸೃಷ್ಟಿಸಿದ ಕೃತಕ ಜೀವಿಗಳು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಕೇಳಿದ ಪ್ರಶ್ನೆ, ಸೃಷ್ಟಿಸಿದವನು ತನ್ನ ಜೀವಿಯನ್ನು ಕೈಬಿಟ್ಟರೆ ಏನಾಗುತ್ತೆ ಅನ್ನೋದು, ಇಲ್ಲಿ ತಿರುಗುಮುರುಗಾಗಿದೆ. ಇಲ್ಲಿ ಮಗುವನ್ನು ಬಿಟ್ಟು ಹೋದವರು ಮನುಷ್ಯರು, ಪ್ರೀತಿಯಿಂದ ಸಾಕಿದವರು ‘ರಾಕ್ಷಸರು’.

ಓದುಗರ ಮುಖ್ಯ ಊಹೆಗಳು

*1. ‘ದಿ ಅದರ್’ ಯಾರು?* ಕಥೆ ಶುರುವಾಗೋ ಎಷ್ಟೋ ವರ್ಷ ಮುಂಚೆ ಅನಾಮಿಕ ಶತ್ರುವೊಂದು ಸ್ಪಾರ್ಕ್‌ಗಳ ಕೋಟೆಗಳನ್ನು ಧ್ವಂಸ ಮಾಡಿ, ಮನುಷ್ಯರನ್ನು ಗುಲಾಮರನ್ನಾಗಿಸುವ ಕಣಜದಂಥ ಹುಳುಗಳನ್ನು ಹರಡಿತ್ತು. ಅದಕ್ಕೆ ಜನ ಇಟ್ಟ ಹೆಸರು ‘ದಿ ಅದರ್’, ಅಂದರೆ ‘ಇನ್ನೊಬ್ಬರು’. ಗುಮಾನಿ ಹಲವರ ಮೇಲೆ ಇತ್ತು. ಯುದ್ಧದ ನಂತರ ಅಧಿಕಾರ ಸಿಕ್ಕಿದ್ದು ಯಾರಿಗೆ ಅಂತ ಕೇಳಿದರೆ ಬೆರಳು ಬ್ಯಾರನ್ ಕಡೆ ತಿರುಗುತ್ತಿತ್ತು. ಕೊನೆಗೆ ಕಥೆ ತೋರಿಸಿದ್ದು ಅಗಾಥಾಳ ತಾಯಿ ಲುಕ್ರೇಜಿಯಾಳನ್ನು. ಅಷ್ಟೇ ಅಲ್ಲ, ಸ್ಟುರ್ಮ್‌ಹಾಲ್ಟನ್ ಕೋಟೆಯ ಯಂತ್ರವೊಂದು ಆ ತಾಯಿಯ ಮನಸ್ಸನ್ನು ಮಗಳ ತಲೆಯೊಳಕ್ಕೇ ಇಳಿಸಿಬಿಟ್ಟಿತು. ಸರಿಯಾದ ಹುಡುಗಿ ಸಿಗುವ ತನಕ ಅದೇ ಯಂತ್ರದಲ್ಲಿ ಅನೇಕ ಹುಡುಗಿಯರನ್ನು ಕೂರಿಸಿ ಕೊಂದಿದ್ದರು ಅನ್ನೋದನ್ನು ಕಥೆ ಸದ್ದಿಲ್ಲದೆ ಹೇಳುತ್ತದೆ. ಓದುವಾಗ ಅದು ಸುಲಭಕ್ಕೆ ಮರೆತುಹೋಗುತ್ತೆ. ಮರೆಯಬಾರದು.

*2. ಗಿಲ್‌ನ ತಾಯಿ ಯಾರು?* ಬ್ಯಾರನ್‌ನ ಮಗ ಗಿಲ್ಗಮೇಶ್. ಕ್ಲೌಸ್ ಕೆಲವು ವರ್ಷ ಯುರೋಪಾದಿಂದಲೇ ಕಾಣೆಯಾಗಿದ್ದ, ಮರಳಿದಾಗ ಮಗುವಿತ್ತು. ಇತ್ತ ಝೀತಾ ಎಂಬ ಹಸಿರು ಕೂದಲಿನ ಯೋಧೆ ತಾನು ಸ್ಕಿಫಾಂಡರ್ ಎಂಬ ಊರಿನ ರಾಜಕುಮಾರಿ ಅಂತಾಳೆ. ಆ ಊರಿನ ಹೆಸರೇ ಯಾರೂ ಕೇಳಿಲ್ಲ, ಅವಳನ್ನು ನಂಬೋರಿಲ್ಲ. ಅವಳ ತಂದೆ ಹೊರಗಿನವನು. ಅಗಾಥಾಗೆ ಮಾತ್ರ ಚಿಕ್ಕಪ್ಪ ಬ್ಯಾರಿ ಹೇಳುತ್ತಿದ್ದ ಕಥೆಯಲ್ಲಿ ಆ ಊರಿನ ಹೆಸರು ಕೇಳಿದ ನೆನಪು. ಬೇರೆ ಬೇರೆ ಸಂಪುಟಗಳಲ್ಲಿ ಚದುರಿಹೋಗಿದ್ದ ಈ ತುಣುಕುಗಳನ್ನು ಜೋಡಿಸಿ, ಗಿಲ್ ಮತ್ತು ಝೀತಾ ಅವಳಿಜವಳಿ ಅಂತ ಓದುಗರು ಬಹಳ ಮುಂಚೆಯೇ ತೀರ್ಮಾನಿಸಿದ್ದರು. ಕಥೆ ಆ ಮಾತಿಗೆ ಬಂದು ತಲುಪಿದ್ದು ನಂತರ.

*3. ಬಿಲ್ ಮತ್ತು ಬ್ಯಾರಿ ಎಲ್ಲಿ?* ಬ್ಯಾರಿ ಪುಟ್ಟ ಅಗಾಥಾಳನ್ನು ಸಾಕು ತಂದೆತಾಯಿಗೆ ಒಪ್ಪಿಸಿ ಹೋದವನು ವಾಪಸು ಬರಲಿಲ್ಲ. ಸತ್ತರು ಅನ್ನೋರಿದ್ದಾರೆ, ಕಾಲದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನೋರಿದ್ದಾರೆ, ಬೇರೆ ವೇಷದಲ್ಲಿ ಇಲ್ಲೇ ಇದ್ದಾರೆ ಅನ್ನೋರೂ ಇದ್ದಾರೆ. ಇದರಲ್ಲಿ ಪುರಾವೆಗಿಂತ ಆಸೆಯೇ ಹೆಚ್ಚು.

*4. ಆ ಕಿಟಕಿ.* ಕಥೆಯ ಆರಂಭದಲ್ಲೇ ಬೀಟಲ್‌ಬರ್ಗ್ ಬೀದಿಯಲ್ಲಿ ಗಾಳಿಯಲ್ಲೊಂದು ಹೊಳೆಯುವ ಕಿಂಡಿ ತೆರೆದು, ಅದರಾಚೆಯಿಂದ ಯಾರೋ ಅಗಾಥಾಳನ್ನು ನೋಡುತ್ತಾರೆ. ನೋಡುತ್ತಿದ್ದವರು ಮುಂದಿನ ಕಾಲದವರಾ? ಅಗಾಥಾಳೇನಾ? ಒಂದು ಪುಟದ ಈ ದೃಶ್ಯದ ಮೇಲೆ ವರ್ಷಗಟ್ಟಲೆ ವಾದ ನಡೆದಿದೆ. ಕಥೆ ಮುಂದೆ ಕಾಲದ ಜೊತೆ ಆಟ ಆಡುತ್ತದೆ ಅನ್ನೋದಂತೂ ಸುಳ್ಳಾಗಲಿಲ್ಲ: ಬ್ಯಾರನ್ ಮೆಕ್ಯಾನಿಕ್ಸ್‌ಬರ್ಗ್ ಪಟ್ಟಣವನ್ನೇ ಕಾಲದಲ್ಲಿ ಸ್ತಬ್ಧಗೊಳಿಸಿಬಿಡುತ್ತಾನೆ. ಅಗಾಥಾ ಹೊರಬಂದಾಗ ಹೊರಗೆ ಎರಡೂವರೆ ವರ್ಷ ಕಳೆದಿರುತ್ತದೆ.

*5. ಗಿಲ್ಲಾ, ಟಾರ್ವೆಕ್ಕಾ?* ಅಗಾಥಾ ಯಾರನ್ನು ಒಪ್ಪುತ್ತಾಳೆ ಅನ್ನೋದು ನಿತ್ಯದ ಜಗಳ. ಗಿಲ್ ಸಾಮ್ರಾಜ್ಯದ ವಾರಸುದಾರ, ಟಾರ್ವೆಕ್ ‘ಬಿರುಗಾಳಿಯ ಅರಸ’ನ ಹಳೆಯ ಸಿಂಹಾಸನಕ್ಕೆ ಹಕ್ಕುದಾರ. ಹಾಗಾಗಿ ಇದು ಬರೀ ಪ್ರೇಮದ ಪ್ರಶ್ನೆ ಅಲ್ಲ, ಯುರೋಪಾದ ಮುಂದಿನ ಮೈತ್ರಿಕೂಟದ ಪ್ರಶ್ನೆ. ಮೂವರೂ ಒಟ್ಟಿಗಿರಲಿ ಅನ್ನೋ ಬಣವೂ ಬಲವಾಗಿದೆ. ಜೀವ ಉಳಿಸುವ ಚಿಕಿತ್ಸೆಯೊಂದರಲ್ಲಿ ಮೂವರನ್ನೂ ಒಂದೇ ಯಂತ್ರಕ್ಕೆ ಜೋಡಿಸುವ ಪ್ರಸಂಗ ಆ ಬಣದವರ ಮುಖ್ಯ ಸಾಕ್ಷಿ.

ಬ್ಯಾರನ್ ಪ್ರಶ್ನೆ

ಇಷ್ಟೆಲ್ಲ ಊಹೆಗಳ ನಡುವೆ ಉತ್ತರ ಸಿಗದ, ಸಿಗೋ ಹಾಗೂ ಇಲ್ಲದ ಒಂದು ವಾದವಿದೆ: ಕ್ಲೌಸ್ ಒಳ್ಳೆಯವನಾ?

ಅವನ ಪರ ವಾದ ಗಟ್ಟಿಯಾಗಿದೆ. ಅವನಿಲ್ಲದಿದ್ದಾಗ ಊರುಗಳು ಉರಿಯುತ್ತಿದ್ದವು. ಅವನು ಬಂದ ಮೇಲೆ ರೈತ ಉಳುಮೆ ಮಾಡಿದ, ವ್ಯಾಪಾರಿ ದಾರಿ ಸವೆಸಿದ. ಅವನಿಗೆ ಅಧಿಕಾರ ಇಷ್ಟವೂ ಇಲ್ಲ, ಬೇರೆ ಯಾರೂ ಮಾಡಲಿಲ್ಲ ಅಂತ ತಾನು ಮಾಡಿದ. ಅವನ ವಿರೋಧಿಗಳಲ್ಲಿ ಬಹುಪಾಲು ಅವನಿಗಿಂತ ಕೆಟ್ಟವರು.

ಎದುರು ವಾದವೂ ಅಷ್ಟೇ ಗಟ್ಟಿ. ಈ ಶಾಂತಿಗೆ ಯಾರ ಒಪ್ಪಿಗೆ ಕೇಳಿದ್ದ? ಅಪಾಯಕಾರಿ ಅನಿಸಿದವರು ವಿಚಾರಣೆಯಿಲ್ಲದೆ ಪ್ರಯೋಗಾಲಯ ಸೇರುತ್ತಾರೆ. ಕೈದಿಗಳನ್ನು ಹೆಟೆರೊಡೈನ್ ಕೋಟೆಯ ರಿಪೇರಿಗೆ ಕಳಿಸುತ್ತಾರೆ. ಆ ಕೋಟೆಗೆ ತನ್ನದೇ ಬುದ್ಧಿಯಿದೆ, ಮನುಷ್ಯರನ್ನು ಕೊಲ್ಲೋದು ಅದಕ್ಕೆ ಮೋಜು. ಇಡೀ ವ್ಯವಸ್ಥೆ ನಿಂತಿರುವುದು ಒಬ್ಬ ಮನುಷ್ಯನ ತಲೆಯ ಮೇಲೆ. ಆ ತಲೆಯನ್ನೇ ಲುಕ್ರೇಜಿಯಾ ತನ್ನ ಹುಳುವಿನಿಂದ ವಶಮಾಡಿಕೊಂಡಾಗ ಏನಾಯ್ತು? ಸಾಮ್ರಾಜ್ಯವನ್ನು ತಡೆಯುವ ಶಕ್ತಿ ಯಾವ ಸಂಸ್ಥೆಗೂ ಇರಲಿಲ್ಲ. ಯಾಕಂದ್ರೆ ಅಂಥ ಸಂಸ್ಥೆಯೇ ಇರಲಿಲ್ಲ. ‘ಒಳ್ಳೆಯ ಸರ್ವಾಧಿಕಾರಿ ಇದ್ದರೆ ಸಾಕು’ ಅನ್ನೋ ಮಾತು ನಮ್ಮ ಬಸ್‌ಸ್ಟ್ಯಾಂಡುಗಳಲ್ಲೂ ಕೇಳುತ್ತಲೇ ಇರುತ್ತೆ. ಅದಕ್ಕೆ ಈ ಕಾಮಿಕ್ ಭಾಷಣದಿಂದ ಅಲ್ಲ, ಕಥೆಯ ನಡೆಯಿಂದಲೇ ಉತ್ತರ ಕೊಡುತ್ತೆ.

ಹಾಗಂತ ಕಾಮಿಕ್ ಪೂರ್ತಿ ಪ್ರಜಾಪ್ರಭುತ್ವದ ಪರ ಅಂತ ಹೇಳಲಾಗದು. ಬ್ಯಾರನ್‌ಗೆ ಪರ್ಯಾಯವಾಗಿ ಅದು ಮುಂದಿಡೋದು ಯಾರನ್ನು? ಇನ್ನೊಬ್ಬ ಹುಟ್ಟು ಪ್ರತಿಭಾವಂತೆಯನ್ನು, ಅದೂ ವಂಶದ ಹಕ್ಕಿನಿಂದ. ಮೆಕ್ಯಾನಿಕ್ಸ್‌ಬರ್ಗಿನ ಜನ ತಲೆಮಾರುಗಳ ಕಾಲ ಕ್ರೂರಿಗಳಾಗಿದ್ದ ಹೆಟೆರೊಡೈನ್ ಒಡೆಯರನ್ನು ಹೆಮ್ಮೆಯಿಂದ ನೆನೆಯುತ್ತಾರೆ. ‘ಯೇಗರ್’ ಎಂಬ ರಾಕ್ಷಸ ಸೈನಿಕರು ಆ ವಂಶಕ್ಕೆ ಪ್ರಾಣ ಒತ್ತೆಯಿಟ್ಟವರು. ಟೋಪಿ ಹುಚ್ಚಿನ ಇವರ ಮಾತು, ನಡೆ ಓದುಗರಿಗೆ ಪಂಚಪ್ರಾಣ. ಅವರ ಹಿಂದಿನ ಕೊಲೆ, ಲೂಟಿ ನಗುವಿನಲ್ಲಿ ಕರಗಿಹೋಗುತ್ತದೆ. ಯಾರ ಹಿಂಸೆಯನ್ನು ನಾವು ‘ಪಾಪ, ಅವರು ಹಾಗೇ’ ಅಂತ ಮಾಫಿ ಮಾಡ್ತೀವಿ, ಯಾರದ್ದನ್ನು ಮಾಡಲ್ಲ ಅನ್ನೋದಕ್ಕೆ ಯೇಗರ್‌ಗಳಿಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಇನ್ನೊಂದು ಪದರ ಪುರಾಣದ್ದು. ಬಿಲ್ ಮತ್ತು ಬ್ಯಾರಿಯ ಸಾಹಸಗಳನ್ನು ಊರೂರು ಸುತ್ತುವ ಸರ್ಕಸ್ ನಾಟಕ ಮಾಡಿ ತೋರಿಸುತ್ತದೆ. ಅದರಲ್ಲಿ ನಿಜ ಎಷ್ಟು, ಉಪ್ಪು ಖಾರ ಎಷ್ಟು ಅಂತ ಜನಕ್ಕೆ ಬೇಕಿಲ್ಲ. ತಲೆಮರೆಸಿಕೊಂಡ ಅಗಾಥಾ ಆ ಸರ್ಕಸ್ ಸೇರಿ ಲುಕ್ರೇಜಿಯಾಳ ಪಾತ್ರ ಹಾಕುತ್ತಾಳೆ. ತನ್ನ ತಾಯಿಯ ಸುಳ್ಳು ಚಿತ್ರವನ್ನು ತಾನೇ ಅಭಿನಯಿಸುತ್ತಾಳೆ. ಇತ್ತ ರಾಜಕುಮಾರರ ಒಳಸಂಚುಕೋರ ಗುಂಪು ಈ ಜನಪ್ರಿಯ ಪುರಾಣವನ್ನೇ ಬಳಸಿ ನಕಲಿ ಹೆಟೆರೊಡೈನ್ ಹುಡುಗಿಯನ್ನು ಜನರ ಮುಂದೆ ನಿಲ್ಲಿಸುತ್ತದೆ. ಜನ ವೀರರಿಗಾಗಿ ಕಾಯುತ್ತಾ ಕೂತರೆ, ಯಾರೋ ಒಬ್ಬರು ವೀರರನ್ನು ತಯಾರಿಸಿ ತಂದೇ ತರುತ್ತಾರೆ.

ಒಳ್ಳೆಯ ಊಹೆ, ಕೆಟ್ಟ ಊಹೆ

ಅಭಿಮಾನಿಗಳ ಊಹೆಯನ್ನು ಕಾಲಹರಣ ಅಂತ ತಳ್ಳಿಹಾಕೋದು ಸುಲಭ. ಆದರೆ ಮೇಲಿನ ಐದು ಊಹೆಗಳನ್ನು ಪಕ್ಕಪಕ್ಕ ಇಟ್ಟರೆ ಕೆಲಸಕ್ಕೆ ಬರೋ ಮೂರು ಅಳತೆಗೋಲು ಸಿಗುತ್ತವೆ.

ಒಂದು, ಪುಟ ತೋರಿಸು. ಗಿಲ್ ಮತ್ತು ಝೀತಾ ಊಹೆ ಗೆದ್ದದ್ದು ಪ್ರತಿಯೊಂದು ತುಣುಕಿಗೂ ಪುಟದ ಆಧಾರ ಇದ್ದದ್ದರಿಂದ. ‘ಎಲ್ಲರಿಗೂ ಗೊತ್ತು’ ಅನ್ನೋದು ಆಧಾರ ಅಲ್ಲ.

ಎರಡು, ತಪ್ಪಾಗುವ ದಾರಿ ಇರಲಿ. ‘ಝೀತಾಳ ತಂದೆ ಬೇರೆ ಯಾರೋ ಅಂತ ಗೊತ್ತಾದರೆ ನನ್ನ ಊಹೆ ಬಿದ್ದುಹೋಯ್ತು’ ಅಂತ ಮೊದಲೇ ಹೇಳುವುದಕ್ಕೆ ಆಗುತ್ತಿತ್ತು. ‘ಬ್ಯಾರಿ ವೇಷ ಮರೆಸಿ ಇಲ್ಲೇ ಇದ್ದಾನೆ’ ಅನ್ನೋದಕ್ಕೆ ಹಾಗೆ ಆಗಲ್ಲ. ಕಾಣಿಸಿದರೂ ಸಾಕ್ಷಿ, ಕಾಣಿಸದಿದ್ದರೂ ಸಾಕ್ಷಿ. ಫ್ಯಾಮಿಲಿ ಗ್ರೂಪಿನಲ್ಲಿ ಬರೋ ಪಿತೂರಿ ಫಾರ್ವರ್ಡುಗಳ ರಚನೆಯೂ ಇದೇ ಅಲ್ವಾ?

ಮೂರು, ‘ಲಾಭ ಯಾರಿಗೆ’ ಅನ್ನೋದು ಪ್ರಶ್ನೆಯಷ್ಟೇ, ಉತ್ತರ ಅಲ್ಲ. ಯುದ್ಧದಿಂದ ಲಾಭವಾದದ್ದು ಬ್ಯಾರನ್‌ಗೆ, ಹಾಗಾಗಿ ಅವನೇ ಅಪರಾಧಿ ಅಂದವರು ಸೋತರು. ರಾಜಕೀಯ ಓದುವ ನಮಗೆ ಈ ಪಾಠ ಸ್ವಲ್ಪ ಚುಚ್ಚಬೇಕು. ನಾವು ಸಾಮಾನ್ಯವಾಗಿ ತನಿಖೆ ನಿಲ್ಲಿಸೋದೇ ಆ ಪ್ರಶ್ನೆಗೆ ಒಂದು ಹೆಸರು ಸಿಕ್ಕಿದ ಕೂಡಲೇ.

ಕಾಮಿಕ್ಕಿನ ಊಹೆಗೂ ಪಿತೂರಿ ಕಥೆಗೂ ಇರುವ ದೊಡ್ಡ ವ್ಯತ್ಯಾಸ ಇಷ್ಟು: ಇಲ್ಲಿ ಸೋಮವಾರ ಹೊಸ ಪುಟ ಬರುತ್ತೆ, ತಪ್ಪಾದ ಊಹೆ ಎಲ್ಲರೆದುರು ಬಿದ್ದುಹೋಗುತ್ತೆ, ಊಹಿಸಿದವರು ನಕ್ಕು ಇನ್ನೊಂದನ್ನು ಕಟ್ಟುತ್ತಾರೆ. ತಪ್ಪೊಪ್ಪಿಕೊಂಡು ಮಾನ ಹೋಗದ ಜಾಗಗಳು ಇವತ್ತು ಹೆಚ್ಚಿಲ್ಲ.

ಎಲ್ಲಿಂದ ಶುರು ಮಾಡೋದು?

ಮೊದಲ ಪುಟದಿಂದಲೇ ಓದಿ. ವಾರಕ್ಕೆ ಮೂರರಂತೆ ವರ್ಷಕ್ಕೆ ಸುಮಾರು 150 ಪುಟ, ಹಾಗಾಗಿ ರಾಶಿ ದೊಡ್ಡದಿದೆ, ಗಾಬರಿ ಬೇಡ. ಅಗಾಥಾ ಬೀಟಲ್‌ಬರ್ಗ್ ಬಿಟ್ಟು ಹೊರಡುವವರೆಗೆ ಓದಿದರೆ ಇಷ್ಟವೋ ಇಲ್ಲವೋ ಅಂತ ಗೊತ್ತಾಗುತ್ತೆ. ಉದ್ದ ಗದ್ಯ ಬೇಕು ಅನ್ನೋರಿಗೆ ಫೋಗ್ಲಿಯೊ ದಂಪತಿಯೇ ಬರೆದ ಕಾದಂಬರಿ ರೂಪವೂ ಇದೆ. ಅದರಲ್ಲಿ ಮೊದಲನೆಯದು 2011ರ ‘ಅಗಾಥಾ ಎಚ್. ಆ್ಯಂಡ್ ದಿ ಏರ್‌ಶಿಪ್ ಸಿಟಿ’. ಕನ್ನಡಕ್ಕೆ ತರೋ ಆಸೆ ಯಾರಿಗಾದರೂ ಬಂದರೆ ಮೊದಲ ತಲೆನೋವು ಯೇಗರ್‌ಗಳದ್ದು. ಮೂಲದಲ್ಲಿ ಅವರದ್ದು ಜರ್ಮನ್ ಛಾಯೆಯ ಒಡ್ಡು ಇಂಗ್ಲಿಷ್. ಅದಕ್ಕೆ ನಮ್ಮ ಯಾವ ಸೀಮೆಯ ಮಾತು ಹಾಕ್ತೀರಿ? ನಗಿಸೋ ಪಾತ್ರಕ್ಕೆಲ್ಲ ಉತ್ತರ ಕರ್ನಾಟಕದ ಅಥವಾ ಕರಾವಳಿಯ ಮಾತು ಕೊಡೋ ಸಿನಿಮಾ ಚಾಳಿಯನ್ನು ಇಲ್ಲೂ ಮುಂದುವರಿಸಬೇಕಾ?

ಓದುವಾಗ ಒಬ್ಬನ ಮೇಲೆ ಕಣ್ಣಿಟ್ಟಿರಿ: ಮೊಲೋಕ್ ಫಾನ್ ಜಿನ್ಸರ್. ಲಾಕೆಟ್ ಕದ್ದ ಇಬ್ಬರು ಸೈನಿಕರಲ್ಲಿ ಬದುಕುಳಿದವನು ಇವನು. ಸ್ಪಾರ್ಕ್ ಇಲ್ಲ, ವಂಶ ಇಲ್ಲ, ಯಾವ ಭವಿಷ್ಯವಾಣಿಯಲ್ಲೂ ಹೆಸರಿಲ್ಲ. ದೊಡ್ಡವರ ಯುದ್ಧದಲ್ಲಿ ಅಣ್ಣತಮ್ಮಂದಿರನ್ನು ಕಳೆದುಕೊಂಡ, ಕೈದಿಯಾಗಿ ಆ ಕೊಲೆಗಡುಕ ಕೋಟೆಗೆ ಬಿದ್ದ, ಅಲ್ಲಿ ಎಲ್ಲರೂ ಕಿರುಚಾಡುತ್ತಿರುವಾಗ ಕೆಟ್ಟ ಯಂತ್ರ ರಿಪೇರಿ ಮಾಡಿದ. ಅವನ ಒಂದೇ ಆಸೆ ಈ ಹುಚ್ಚರಿಂದ ದೂರ ಇರೋದು, ಅದೊಂದು ಮಾತ್ರ ಈಡೇರಲ್ಲ. ಬಿಲ್, ಬ್ಯಾರಿ, ಬ್ಯಾರನ್ ಬಗ್ಗೆ ಇರೋವಷ್ಟು ಊಹೆಗಳು ಮೊಲೋಕ್ ಬಗ್ಗೆ ಇಲ್ಲ. ಇವನಿಗೆ ಮುಂದೆ ಏನಾಗುತ್ತೆ ಅಂತ ಊಹಿಸೋಕೆ ಶುರು ಮಾಡಿದರೆ, ಯುರೋಪಾದಲ್ಲಿ ಸಾಮಾನ್ಯ ಮನುಷ್ಯನಿಗೆ ಜಾಗ ಇದೆಯಾ ಅನ್ನೋ ಪ್ರಶ್ನೆಗೆ ನೀವಾಗಲೇ ಕೈ ಹಾಕಿದ್ದೀರಿ ಅಂತ ಅರ್ಥ.